ದೊಡ್ಡವ್ವನ ಜೀವಕೋಶಗಳು

ಚಚಡಿ ಊರಿನ ನನ್ನ ದೊಡ್ಡವ್ವನಿಗೆ ಮೊದಲು ನಡುಗಲು ಶುರುವಾದದ್ದು ಬಲಗೈ ಹೆಬ್ಬೆರಳು. ಬೈಲಹೊಂಗಲದ ವೈದ್ಯರು ನೋಡಿ ಪಾರ್ಕಿನ್ಸನ್ ಎಂದರು, ಗುಳಿಗೆ ಬರೆದುಕೊಟ್ಟರು. ನಡುಕ ಅರ್ಧ ಇಳಿಯಿತು. ರೊಟ್ಟಿ ಬಡಿಯುವ ಕೆಲಸ ದೊಡ್ಡಪ್ಪನ ಪಾಲಿಗೆ ಬಂತು; ಅಂವ ಬಡಿದ ರೊಟ್ಟಿ ಒಂದೂ ದುಂಡಗಿರುತ್ತಿರಲಿಲ್ಲ.

ನಾನಾಗ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಇದೇ ರೋಗದ ಕೆಲಸದಲ್ಲಿದ್ದೆ. ರೋಗಿಗಳ ಚರ್ಮದ ಚೂರಿನಿಂದ ಜೀವಕೋಶ ಬೆಳೆಸಿ, ಅದರೊಳಗಿನ ಒಂದು ಪ್ರೋಟೀನಿಗೆ ಎಷ್ಟು ಫಾಸ್ಫೇಟ್ ಅಂಟಿಕೊಂಡಿದೆ ಎಂದು ನೋಡುತ್ತಿದ್ದೆ. ಈ ರೋಗ ಇದ್ದವರ ಮೆದುಳಿನಲ್ಲಿ ಹಾಗೆ ಫಾಸ್ಫೇಟ್ ಅಂಟಿದ ಪ್ರೋಟೀನು ಗಂಟುಗಟ್ಟಿರುತ್ತದೆ. ಬದುಕಿದವರ ಮೆದುಳು ತೆಗೆದು ನೋಡಲಾಗದು. ಚರ್ಮದಲ್ಲಾದರೂ ಸುಳಿವು ಸಿಕ್ಕೀತೇ ಎಂಬ ಆಸೆ.

ಇದನ್ನು ಹೇಳಿದಾಗ ದೊಡ್ಡವ್ವ ಸೆರಗು ಸರಿಸಿ ತೋಳು ಮುಂದೆ ಮಾಡಿದಳು. "ನಂದೂ ತಗೋ."

"ಡಾಕ್ಟರ್ ತಗೋತಾರ, ನಾ ಅಲ್ಲ. ಆದ್ರ ಇದರಿಂದ ನಿನಗ ಆರಾಮ ಆಗಂಗಿಲ್ಲ ಮತ್ತ."

"ತಿಳೀತು. ಮುಂದಿನವರಿಗರ ಆಗ್ಲಿ."

ಜೋಳದ ಕಾಳಿನಷ್ಟು ಚರ್ಮ ತೆಗೆದರು. ಕೆಲವು ವಾರಗಳ ಮೇಲೆ ಗಂಡ ಹೆಂಡತಿ ಬಸ್ಸು ಹತ್ತಿ ಪ್ರಯೋಗಾಲಯಕ್ಕೇ ಬಂದರು.

"ನನ್ನವು ಎಲ್ಲಿ ಅದಾವ?" ಎಂದಳು.

ಕೋಶ ಬೆಳೆಯುವ ಬಾಟಲಿಗಳ ಸಾಲು ತೋರಿಸಿದೆ. ಬಾಟಲಿಗಳ ಮೇಲೆ ಬರೀ ನಂಬರ್. ಯಾವುದು ಯಾರದು, ರೋಗಿಯದೋ ಗಟ್ಟಿಮುಟ್ಟಾದವರದೋ ಎಂದು ನಮಗೆ ತಿಳಿಸುವುದಿಲ್ಲ. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಹಾಗಂದಾಗ ಅವಳ ಮುಖ ಸಣ್ಣಗಾಯಿತು. ಸುಮ್ಮನೆ ಕಳಿಸಲು ಮನಸ್ಸಾಗದೆ, ಪ್ರಯೋಗಾಲಯದ ಹಿರಿಯರನ್ನು ಕೇಳಿ, ಒಂದು ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಡುಕಕ್ಕೆ ಅವಳ ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ದೊಡ್ಡಪ್ಪ ಹಿಂದಿನಿಂದ ಎರಡೂ ಭುಜ ಹಿಡಿದು ನಿಂತ.

"ಅಯ್ಯ, ಮೀನಿನ ಮರಿ ಸಾಲು ಹಿಡದಾಂಗ ಅದಾವಲ್ಲ!" ಎಂದಳು. ಮತ್ತೆ ಬಗ್ಗಿ ನೋಡಿದಳು. ಕೊನೆಗೆ, "ಇವೇನು ನಡಗವಲ್ವು!"

ನಾನು ನಕ್ಕೆ. "ಅವು ನಡಗಂಗಿಲ್ಲ ದೊಡ್ಡವ್ವಾ."

"ಯಾರವರ ಇರ್ಲಿ, ಚಂದ ಅದಾವ," ಎಂದು ದೊಡ್ಡಪ್ಪನನ್ನೂ ಕರೆದು ತೋರಿಸಿದಳು. ಅವನು ಒಂದು ಕಣ್ಣು ಮುಚ್ಚುವ ಬದಲು ಎರಡೂ ಮುಚ್ಚಿ, "ಕಾಣ್ತಾವ, ಕಾಣ್ತಾವ," ಎಂದ.

ನಂಬರುಗಳ ಗುಟ್ಟು ಬಿಚ್ಚಿದಾಗ ರೋಗಿಗಳ ಕೋಶಗಳಲ್ಲಿ ಫಾಸ್ಫೇಟ್ ತುಸು ಹೆಚ್ಚು ಕಂಡಿತು, ಎಲ್ಲರಲ್ಲೂ ಅಲ್ಲ. ಈಗ ಅದನ್ನೇ ಮತ್ತೆ ಮಾಡುತ್ತಿದ್ದೇವೆ. ಕೋಶಗಳಿಗೆ ಆಗಾಗ ಪೋಷಕದ್ರವ ಬದಲಿಸಬೇಕೆಂದು ದೊಡ್ಡವ್ವನಿಗೆ ಯಾರೋ ಹೇಳಿದ್ದಾರೆ. ಫೋನಿನಲ್ಲಿ ನನ್ನ ಊಟದ ಸುದ್ದಿಗಿಂತ ಮೊದಲು ಕೇಳುವುದು ಅದನ್ನೇ:

"ಅವಕ್ಕ ಉಣ್ಣಾಕ ಹಾಕಿದ್ಯೋ ಇಲ್ಲೋ?"