ಶಾಯಿ ಹಚ್ಚದ ದೇಶದಲ್ಲಿ ಇಂಡಿಯನ್ನರು

1867ರ ಜುಲೈ 1ರಂದು ಕೆನಡಾ ಒಂದು ದೇಶವಾಯಿತು. 1885ರಲ್ಲಿ ಅದರ ಸಂಸತ್ತು ಚೀನೀ ಮೂಲದವರಿಗೂ ಪಶ್ಚಿಮ ಭಾಗದ ಇಂಡಿಯನ್ನರಿಗೂ ಮತದಾನದ ಹಕ್ಕಿಲ್ಲ ಎಂದು ಕಾನೂನು ಮಾಡಿತು.

ಪೌರತ್ವ ಪರೀಕ್ಷೆಗೆ ಓದುವಾಗ ಇತಿಹಾಸದ ಪುಸ್ತಕವೊಂದರಲ್ಲಿ ಸಿಕ್ಕ ಈ ವಿಷಯವನ್ನು ವುಡ್‌ಬ್ರಿಡ್ಜ್‌ನ ನಮ್ಮ ಬಾಡಿಗೆ ಬೇಸ್‌ಮೆಂಟಿನಲ್ಲಿ ಗಟ್ಟಿಯಾಗಿ ಓದಿದೆ. ನೀರುದೋಸೆ ಎರೆಯುತ್ತಿದ್ದ ಹೆಂಡತಿ ಶೈಲಜಾ ಸೌಟು ನಿಲ್ಲಿಸಿದಳು.

"ನಮ್ಮವರಿಗಾ? ಅಷ್ಟು ಹಿಂದೆ ಇಲ್ಲಿಗೆ ಯಾರು ಬಂದಿದ್ರು ಮಾರಾಯ್ರೆ?"

"ಇಲ್ಲಿನ ಮೂಲನಿವಾಸಿಗಳಿಗೆ. ಇಲ್ಲಿಯ ಕಾನೂನಿನಲ್ಲಿ ಅವರೇ ಇಂಡಿಯನ್ನರು. ನಮ್ಮವರ ಹಕ್ಕು ಹೋದದ್ದು ಆಮೇಲೆ, 1907ರಲ್ಲಿ, ಬ್ರಿಟಿಷ್ ಕೊಲಂಬಿಯಾದಲ್ಲಿ. ಮರಳಿ ಸಿಕ್ಕಿದ್ದು 1947ರಲ್ಲಿ."

ಶೈಲಜಾ ನಮ್ಮ ವಾನ್ ನಗರದ ಗೋದಾಮೊಂದರಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಜೊತೆಗೆ ಕೆಲಸ ಮಾಡುವ ಕ್ಯಾರಲ್ ಮೂಲನಿವಾಸಿ. ಮರುದಿನ ಊಟದ ಹೊತ್ತಿಗೆ ಇವಳು "ನಾವಿಬ್ಬರೂ ಇಂಡಿಯನ್ನರಂತೆ" ಎಂದಳಂತೆ.

"ಇಂಡಿಯಾ ಹುಡುಕುತ್ತಾ ದಾರಿ ತಪ್ಪಿ ಬಂದವನೊಬ್ಬ ನಮಗೆ ನಿಮ್ಮ ಹೆಸರಿಟ್ಟ. ಬೇಕಾದರೆ ವಾಪಸ್ ತಗೋ," ಎಂದು ಕ್ಯಾರಲ್ ನಕ್ಕಳಂತೆ. ಆಮೇಲೆ ಹೇಳಿದಳಂತೆ: "ಓಟು ಬೇಕಿದ್ದರೆ ಇಂಡಿಯನ್ ಆಗಿರುವುದನ್ನು ಬಿಡು ಎಂದು ನನ್ನ ಅಜ್ಜನಿಗೆ ಹೇಳಿದ್ದರು. ಅಜ್ಜ ಬಿಡಲಿಲ್ಲ. 1960ರಲ್ಲಿ ಕಾನೂನು ಬದಲಾದ ಮೇಲೆಯೇ ಓಟು ಹಾಕಿದ."

ಮನೆಗೆ ಬಂದವಳು ಕೋಟು ಕೂಡ ಬಿಚ್ಚಲಿಲ್ಲ. "ನಮಗೂ ಅದನ್ನೇ ಹೇಳುವುದಲ್ವಾ?"

ಎರಡೂ ಒಂದಲ್ಲ ಎಂದೆ. ಅವರದು ಅವರದೇ ನೆಲ, ನಾವು ಬಂದವರು. ಎರಡು ದೇಶಗಳ ಪೌರತ್ವ ಇಟ್ಟುಕೊಳ್ಳಲು ನಮ್ಮನ್ನು ಬಿಡದಿರುವುದು ಕೆನಡಾ ಅಲ್ಲ, ಭಾರತ.

"ಹಾಗಾದ್ರೆ ಇಂಡಿಯನ್ ಆಗಿರುವುದನ್ನು ಬಿಡು ಅಂತ ಹೇಳುವುದು ಇಂಡಿಯಾವೇ!"

ಆಮೇಲೆ ಕೋಟು ಬಿಚ್ಚಿದಳು.

ಪುತ್ತೂರಿನಲ್ಲಿ ಅವಳು ಕಲಿತ ಶಾಲೆಯೇ ಮತಗಟ್ಟೆ. ಓಟು ಹಾಕಿ ಬಂದವರು ಅಂಗಳದಲ್ಲಿ ಬೆರಳು ತೋರಿಸಿಕೊಂಡು ನಿಲ್ಲುತ್ತಿದ್ದರು. ಉಗುರು ಬೆಳೆದು ಕತ್ತರಿಸುವವರೆಗೂ ಆ ಶಾಯಿ ಇರುತ್ತಿತ್ತು. ಇಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ಬಂದರಾಯಿತು. ಬೆರಳಿಗೆ ಏನನ್ನೂ ಹಚ್ಚುವುದಿಲ್ಲ.

ನಾನು ಪ್ರಮಾಣವಚನ ಸ್ವೀಕರಿಸಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿದೆ. ಶೈಲಜಾ ಅರ್ಜಿ ಹಾಕಲಿಲ್ಲ. 2025ರ ಏಪ್ರಿಲ್ 28ರಂದು ನಾನು ಇಲ್ಲಿ ಮೊದಲ ಸಲ ಮತ ಹಾಕಿದೆ. ಕಾರಿನಲ್ಲಿ ಕಾಯುತ್ತಿದ್ದವಳು ನನ್ನ ಎಡಗೈ ತೋರುಬೆರಳು ಹಿಡಿದು ತಿರುಗಿಸಿ ನೋಡಿದಳು.

"ಎಂತದೂ ಇಲ್ಲ," ಎಂದಳು.

ಊರಿಗೆ ಹೋಗದೆ ಅಲ್ಲಿ ಓಟು ಹಾಕುವಂತಿಲ್ಲ; ಅದರ ಹಿಂದಿನ ವರ್ಷ ಪುತ್ತೂರಿನಲ್ಲಿ ಲೋಕಸಭೆಗೆ ಮತದಾನವಾದ ದಿನ ಅವಳು ಗೋದಾಮಿನಲ್ಲಿ ಶಿಫ್ಟಲ್ಲಿದ್ದಳು. ಕಳೆದ ವಾರ ಅವಳ ಭಾರತದ ಪಾಸ್‌ಪೋರ್ಟ್ ನವೀಕರಣವಾಗಿ ಬಂತು.