ಎಸಿ ಆಫ್ ಮಾಡಿ ಆಡಿದ ಮಾತು

ಮಸ್ಕತ್‌ನ ರೂವಿಯಲ್ಲಿದ್ದ ಆ ಮನೆ ನೆನಪಾದರೆ ಮೊದಲು ಬರುವುದು ಕಿಟಕಿಯ ಎಸಿಯ ಗುಂಯ್ ಸದ್ದು. ಏಪ್ರಿಲ್‌ನಲ್ಲಿ ಶುರುವಾದರೆ ಅಕ್ಟೋಬರ್‌ವರೆಗೆ ನಿಲ್ಲುತ್ತಿರಲಿಲ್ಲ. ಅದರೊಳಗೇ ಉಂಡೆವು, ಜಗಳವಾಡಿದೆವು, ಕನಸು ಕಂಡೆವು. ಅದೊಂದು ಸದ್ದು ಎಂಬುದೇ ನಮಗೆ ಮರೆತುಹೋಗಿತ್ತು.

ಮಗಳಿಗೆ ಆಗ ಏಳು ವರ್ಷ. ಬಾಗಿಲು ತಟ್ಟಿದರೆ ತಿರುಗುತ್ತಿದ್ದಳು, ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದಳು. ಮಾತಾಡಿದರೆ ಮಾತ್ರ ನಕ್ಕು "ಹೂಂ" ಅನ್ನುತ್ತಿದ್ದಳು. ಊಟ ಬೇಕಾ ಎಂದರೂ ಹೂಂ, ಯಾಕೆ ಅಳುತ್ತಿದ್ದಿ ಎಂದರೂ ಹೂಂ. ನನಗೋ ಮೂಗಿನ ತುದಿಯಲ್ಲೇ ಕೋಪ. ಬೇಕೆಂದೇ ಹೀಗೆ ಮಾಡುತ್ತಾಳೆ ಎಂದು ಕಿರುಚುತ್ತಿದ್ದೆ.

ಆಡಿಟರಿ ನ್ಯೂರೋಪತಿ ಎಂಬ ಹೆಸರು ಸಿಕ್ಕಿದ್ದು ಅಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ. ಪರೀಕ್ಷೆ ಮಾಡಿದ ಮಲಯಾಳಿ ಹುಡುಗಿ ಹಿಂದಿಯಲ್ಲಿ ತಾಳ್ಮೆಯಿಂದ ತಿಳಿಸಿದಳು. ಸದ್ದು ಕಿವಿಗೆ ಬೀಳುತ್ತದೆ, ಆದರೆ ಮಿದುಳಿಗೆ ಹೋಗುವ ನರದ ದಾರಿಯಲ್ಲಿ ಮಾತು ಕಲಸಿಹೋಗುತ್ತದೆ. ಕಿರುಚಿದರೆ ಕಲಸಿದ್ದೇ ಇನ್ನಷ್ಟು ಜೋರಾಗುತ್ತದೆ. ಕಿವಿಗೆ ಯಂತ್ರ, ಆಪರೇಷನ್ ಎಲ್ಲ ಆಮೇಲೆ ನೋಡೋಣ, ಮೊದಲು ಗದ್ದಲ ನಿಲ್ಲಿಸಿ, ಮುಖ ಕಾಣುವಂತೆ ಕೂತು, ಬಿಡಿಸಿ ಬಿಡಿಸಿ ಹೇಳಿ ಎಂದಳು. ಕಿರುಚಿದ ದಿನಗಳೆಲ್ಲ ನೆನಪಾಗಿ ನನಗೆ ಅಲ್ಲೇ ಅಳು ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ರೂಢಿ: ಮಗಳೊಂದಿಗೆ ಮಾತಾಡಬೇಕಾದರೆ ಮೊದಲು ಎಸಿ ಆಫ್. ಅದು ನಿಂತ ಕೂಡಲೇ ಮನೆ ಎಲ್ಲೋ ದೂರ ತೇಲಿಹೋದ ಹಾಗಾಗುತ್ತಿತ್ತು. ಪರದೆ ಸರಿಸಿದರೆ ಬೆಳ್ಳನೆಯ ಬಿಸಿಲು, ಅದರಲ್ಲಿ ಅಲುಗುವ ಬೋಳು ಗುಡ್ಡಗಳು, ಎಲ್ಲಿಂದಲೋ ಟ್ಯಾಕ್ಸಿಯ ಒಂದು ಹಾರ್ನ್. ಮೀನು. ಮೂರು. ಮೋಡ. ನನ್ನ ತುಟಿ ನೋಡುತ್ತಾ ಅವಳು ತಿರುಗಿ ಹೇಳುತ್ತಿದ್ದಳು. ನಾನು ಮೊದಲೇ ಅರಳು ಹುರಿದಂತೆ ಮಾತಾಡುವವಳು.

"ಮೆಲ್ಲ ಮಾರಾಯ್ತಿ, ಬಸ್ಸೇನೂ ತಪ್ಪುದಿಲ್ಲ," ಎಂದು ಗಂಡ ಚುಡಾಯಿಸುತ್ತಿದ್ದರು. ಹತ್ತೇ ನಿಮಿಷಕ್ಕೆ ಬೆವರಿ ನೀರಾಗಿ, "ಮಾತು ಖಲಾಸಾ? ಎಸಿ ಹಾಕ್ಲಾ?" ಎನ್ನುವವರೂ ಅವರೇ.

ಕೆಲವು ತಿಂಗಳಲ್ಲಿ ಅವಳಿಗೆ ಎಷ್ಟೋ ಶಬ್ದಗಳು ದಕ್ಕಿದವು. ಆ ಸುಳ್ಳು "ಹೂಂ" ಮಾತ್ರ ಹೋಗಲಿಲ್ಲ. ಅದು ಹೋಗದಿದ್ದರೆ ನಗುತ್ತಲೇ ನಮ್ಮಿಂದ ದೂರವಾಗಿಬಿಡುತ್ತಾಳೆ ಎಂದು ನನಗೆ ಭಯ. ಮಾತು ತಿಳಿಯದಿದ್ದರೂ ಪರವಾಗಿಲ್ಲ, ತಿಳಿಯಲಿಲ್ಲ ಎಂದು ಒಮ್ಮೆ ಹೇಳಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ ಅವಳು ಶಾಲೆಯ ಪುಸ್ತಕದ ಮೇಲೆ ಸಾರು ಚೆಲ್ಲಿದಳು. ರೂಢಿಯೆಲ್ಲ ಮರೆತು, ಅವಳಿಗೆ ಬೆನ್ನು ಹಾಕಿ ಪುಸ್ತಕ ಒರೆಸುತ್ತಾ ಒಂದೇ ಉಸಿರಿಗೆ ಬೈಯತೊಡಗಿದೆ. ಎಸಿ ಗುಂಯ್‌ಗುಡುತ್ತಲೇ ಇತ್ತು. ಇನ್ನೇನು "ಹೂಂ" ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಟಕ್ ಎಂದಿತು, ಮನೆ ನಿಶ್ಶಬ್ದವಾಯಿತು. ತಿರುಗಿದರೆ, ಅವಳು ಕುರ್ಚಿ ಹತ್ತಿ ಎಸಿಯ ಸ್ವಿಚ್ ಒತ್ತಿದ್ದಳು. ಇಳಿದು ಬಂದು ಪರದೆ ಸರಿಸಿ, ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಮ್ಮಾ, ಗೊತ್ತಾಗ್ಲಿಲ್ಲ. ಈಗ ಬೈಯಿ," ಎಂದಳು. "ಮೆಲ್ಲ ಬೈಯಿ."

ಬೈದೆ. ಒಂದೊಂದೇ ಶಬ್ದ ಬಿಡಿಸಿ, ಬೆವರೂ ಕಣ್ಣೀರೂ ಒಟ್ಟಿಗೆ ಒರೆಸಿಕೊಳ್ಳುತ್ತಾ ಬೈದೆ. ಅವಳು ಒಂದನ್ನೂ ಬಿಡದೆ ಕೇಳಿಸಿಕೊಂಡಳು.