ಕಾಕು ಗಾಡಿಗೆ ಆರು ಗಾಲಿ

ಮೊನ್ನೆ ಚಿತ್ತಾಪುರದಲ್ಲಿ ಸ್ಕೂಟರಿಗೆ ಗಾಳಿ ತುಂಬಿಸಲು ನಿಂತಿದ್ದೆ. ಅಂಗಡಿಯವನು ಹೊಸ ಟೈರುಗಳನ್ನು ಉರುಳಿಸಿ ತಂದು ಬಿಸಿಲಿಗೆ ಒರಗಿಸಿದ. ಹೊಸ ರಬ್ಬರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಬಾದಿನ ನಮ್ಮ ಓಣಿಯ ಹಳೆಯ ಒಂದು ಬೆಳಗು ಕಣ್ಣ ಮುಂದೆ ಬಂದು ನಿಂತಿತು. ಉಳಿದವರಿಗೆ ಮಲ್ಲಿಗೆ ಹೂವು, ಮಳೆ ಬಿದ್ದ ಮಣ್ಣು ಏನೇನೋ ನೆನಪು ತರುತ್ತವಂತೆ. ನನಗೆ ಟೈರು! ಏನು ಮಾಡಲಿ, ನನಗೆ ಸಿಕ್ಕ ನೆರೆಮನೆಯವರು ಅಂಥವರು...

ಅವರನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ನಾನು ಮದುವೆಯಾಗಿ ಬಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಹಣೆತುಂಬ ವಿಭೂತಿ ಹಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಿಕಪ್ ಗಾಡಿಯ ಸ್ಟೇರಿಂಗ್ ಹಿಡಿದು ಓಣಿಯಿಂದ ಹೊರಟ ಹೆಂಗಸನ್ನು ನೋಡಿ ಬಾಯಿ ತೆರೆದು ನಿಂತಿದ್ದೆ. ಅವರ ಯಜಮಾನರು, ಅಂದರೆ ನಮ್ಮ ಕಾಕಾ, ಆದಿತ್ಯನಗರದ ಕಡೆ ನೌಕರಿಗೆ ಹೋಗುತ್ತಿದ್ದರು. ಅವರಿಗೆ ಸೈಕಲ್ ಬಿಟ್ಟರೆ ಬೇರೇನೂ ನಡೆಸಲು ಬರುತ್ತಿರಲಿಲ್ಲ. ಕಾಕು ಖಣಿಯಿಂದ ಫರಸಿ ಹೇರಿಕೊಂಡು ಊರೂರಿಗೆ, ಮನೆ ಕಟ್ಟುವವರಿಗೆ ಮುಟ್ಟಿಸುತ್ತಿದ್ದರು.

ಫರಸಿ ಎಂದರೆ ನೆಲಕ್ಕೆ ಹಾಸುವ ನಮ್ಮ ಕಡೆಯ ಚಪ್ಪಟೆ ಕಲ್ಲು. ಮಲಗಿಸಿ ಹೇರಿದರೆ ರಸ್ತೆಯ ಒಂದೇ ಗುಂಡಿಗೆ ಅರ್ಧ ಮುರಿಯುತ್ತವೆ. ಅಂಚಿನ ಮೇಲೆ ನಿಲ್ಲಿಸಿಯೇ ಹೇರಬೇಕು. ಹಾಗೆ ನಿಲ್ಲಿಸಿದರೆ ಭಾರವೆಲ್ಲ ಮೇಲಾಗಿ, ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಒಂದು ಮಳೆಗಾಲ ಖಣಿಯ ದಾರಿಯಲ್ಲಿ ಕಾಕುವಿನ ಗಾಡಿ ಮಗ್ಗುಲಿಗೆ ಉರುಳಿಯೇಬಿಟ್ಟಿತು. ಅವರಿಗೆ ಮೊಣಕೈ ತರಚಿದ್ದಷ್ಟೇ. ಆದರೆ ಸುದ್ದಿ ಕೇಳಿದ ಕಾಕಾನ ಜೀವ ಬಾಯಿಗೆ ಬಂದಿತ್ತು.

"ಸಾಕ್ ಮಾಡ್ ಇನ್ನ. ಗಾಡಿ ಮಾರಿಬಿಡು," ಎಂದರು.

"ಗಾಡೀದು ತಪ್ಪಿಲ್ಲರೀ, ಅದರ ಕಾಲ್ ಸಣ್ಣವ್ ಅವ. ಹಿಂದ್ ಡಬಲ್ ಗಾಲಿ ಹಾಕಸ್ತೀನಿ. ಒಮ್ಮಿ ನನ್ ಸಂಗಟ ಕುಂತ್ ನೋಡ್ರಿ. ಮತ್ತ್ ವಾಲ್ತು ಅಂದ್ರ ನಾನೇ ಮಾರ್ತೀನಿ!"

ಕಾಕಾ ಒಪ್ಪಿದರು. ಒಂದೇ ಒಂದು ಸವಾರಿ. ಗೆದ್ದರೆ ಗಾಡಿ ಮನೆಯಲ್ಲಿ, ಸೋತರೆ ಸಂತೆಯಲ್ಲಿ.

ಆರ್‌ಟಿಓ ಒಪ್ಪಿಗೆ ಪಡೆದು, ಗಾಡಿಯನ್ನು ವಾಡಿಯ ಮಿಸ್ತ್ರಿಯ ಹತ್ತಿರ ಬಿಟ್ಟರು. ಎರಡು ಗಾಲಿ ತಂದು ಪಕ್ಕಕ್ಕೆ ನಟ್ಟು ಬಿಗಿದರಾಯಿತು ಎಂದು ನಾನು ತಿಳಿದಿದ್ದೆ. ಅಷ್ಟು ಸುಲಭವಲ್ಲವಂತೆ. ಹಿಂದಿನ ಅಚ್ಚನ್ನೇ ಪೂರಾ ಬಿಚ್ಚಿ, ಅಗಲವಾದ ಗಟ್ಟಿ ಅಚ್ಚು ಕೂಡಿಸಿ, ಒಂದೊಂದು ಕಡೆ ಎರಡೆರಡು ಗಾಲಿ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಮಡ್‌ಗಾರ್ಡ್ ಹೊರಗೆ ಚಾಚಬೇಕು. ಹೆರಿಗೆಗೆ ಸೇರಿಸಿದ ಮಗಳನ್ನು ನೋಡಲು ಹೋಗುವವರಂತೆ ಕಾಕು ದಿನಾ ವಾಡಿಗೆ ಹೋಗಿ ಬರುತ್ತಿದ್ದರು. ಬಂದವರೇ ನಮ್ಮ ಕಟ್ಟೆಯ ಮೇಲೆ ಕುಳಿತು, "ತಂಗಿ, ಇವತ್ತ ಗಾಲಿ ಕೂಡಿಸ್ಯಾರ ನೋಡು! ಹಿಂದಿಂದ ನೋಡಿದ್ರ ಭಾಳ ಛಂದ, ಪೈಲ್ವಾನ್ ನಿಂತಂಗ ನಿಂತದ!" ಎಂದು ಎರಡೂ ತೋಳು ಚಾಚಿ ತೋರಿಸುತ್ತಿದ್ದರು. ಗಾಲಿ ಹೆಚ್ಚಾದವೆಂದು ಮಾಲು ಹೆಚ್ಚು ಹೇರಬಾರದು ಎಂದು ಮಿಸ್ತ್ರಿ ಆಣೆ ಹಾಕಿಸಿಕೊಂಡಿದ್ದನಂತೆ.

ಗಾಡಿ ಮನೆಗೆ ಬಂದದ್ದು ಐತವಾರ, ರಜೆಯ ದಿನ; ಓಣಿಗೆ ಓಣಿಯೇ ಹೊರಗಿತ್ತು. ಬಾನೆಟ್ಟಿನ ಮೇಲೆ ಕಾಕು ಮೂರು ಬೆರಳಿನಿಂದ ವಿಭೂತಿ ಎಳೆದರು, ನಮ್ಮ ಅತ್ತೆ ಕುಂಕುಮ ಅಕ್ಷತೆ ಹಾಕಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುವಾಗ ಸಣ್ಣ ಜಗಳವೇ ಆಯಿತು. ಒಳಗಿನ ಗಾಲಿಗೂ ಇಡಬೇಕೋ, ಜೋಡಿಗೆ ಒಂದು ಸಾಕೋ? "ಅವಳಿ-ಜವಳಿ ಮಕ್ಕಳ ತಲಿಗೆ ಒಂದೇ ಕುಂಚಗಿ ಹಾಕ್ತಾರೇನ್ರಿ?" ಎಂದ ಕಾಕು ತಾವೇ ಗಾಡಿಯ ಕೆಳಗೆ ತೂರಿ, ಒಳಗಿನ ಗಾಲಿಗಳಿಗೂ ಹಣ್ಣಿಟ್ಟು ಬಂದರು. ಕಾಕಾ ಹಿಂದಿನ ಗಾಲಿಯ ಬಳಿ ನಿಂತು, ಎಂದಿಲ್ಲದ ಆವೇಶದಿಂದ ತೆಂಗಿನಕಾಯಿ ಒಡೆದರು. ಹೋಳುಗಳು ದಿಕ್ಕಾಪಾಲಾದವು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ವಾಡಿಯಿಂದ ಬರುವಾಗಲೇ ಹೇರಿಕೊಂಡು ಬಂದಿದ್ದ ಫರಸಿ ಚಿಮ್ಮನಚೋಡದ ನನ್ನ ತವರಿಗೇ ಹೋಗುವುದಿತ್ತು. ಕಾಕು ಸ್ಟೇರಿಂಗಿಗೆ, ನಾನು ನಡುವೆ, ಕಾಕಾ ಎಡಗಡೆಯ ಕಿಟಕಿಗೆ. ಓಣಿಯ ಗದ್ದಲ ದಾಟಿ ಡಾಂಬರು ರಸ್ತೆ ಸಿಕ್ಕಿತೋ ಇಲ್ಲವೋ, ಹಿಂದಿನಿಂದ ಸದ್ದು ಶುರುವಾಯಿತು. ಟಕ್... ಟಕ್... ಗಾಡಿ ಜೋರಾದಷ್ಟೂ ಸದ್ದೂ ಜೋರಾಯಿತು.

"ಹೋತು! ನಿನ್ನ ಹೊಸ ಅಚ್ಚ್ ಹೋತು. ನಿಲ್ಸು," ಎಂದರು ಕಾಕಾ.

ಕಾಕುವಿನ ಮುಖ ಬಿಳಿಚಿತು. ಅವರು ಹಾಗೆ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅಳುವೇ ಬಂದಿತ್ತು. ಕಾಕು ಗಾಡಿ ಬದಿಗೆ ಹಾಕಿ ಇಳಿದು, ಹಿಂದೆ ಹೋಗಿ ಬಗ್ಗಿದರು. ಆಮೇಲೆ ಕೇಳಿಸಿತು ನೋಡಿ ಆ ನಗು! ಎರಡು ಗಾಲಿಗಳ ಸಂದಿನಲ್ಲಿ ಕಾಕಾ ಒಡೆದ ತೆಂಗಿನಕಾಯಿಯ ಹೋಳೊಂದು ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಗಾಲಿ ಒಂದು ಸುತ್ತು ತಿರುಗಿದಾಗೆಲ್ಲ ಅದು ರಸ್ತೆಗೆ ಬಡಿಯುತ್ತಿತ್ತು. ಜೋಡಿ ಗಾಲಿಯ ನಡುವೆ ಸಂದು ಇರುತ್ತದೆಂದು ಪೂಜೆಯ ಹೊತ್ತಿಗೆ ಯಾರಿಗೆ ಹೊಳೆಯಬೇಕು? ಕಬ್ಬಿಣದ ಸಲಾಕೆಯಿಂದ ಮೀಟಿ ತೆಗೆದು, ಮಣ್ಣು ಹಿಡಿದ ಆ ಹೋಳನ್ನು ಗಂಡನ ಮುಂದೆ ಹಿಡಿದರು.

"ತಗೋರಿ, ನಿಮ್ಮ ಪ್ರಸಾದ!"

"ಕಾಯಿ ಮಾತ್ರ ಛಲೋ ಇತ್ತು," ಎಂದರು ಕಾಕಾ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಮತ್ತೆ ಹೊರಟೆವು. ನಿಜವಾದ ಪರೀಕ್ಷೆ ಸೇಡಂ ದಾಟಿದ ಮೇಲೆ, ದೊಡ್ಡ ತಿರುವಿನಲ್ಲಿ. ಕಾಕಾ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದರು. ನಾನು ಕಣ್ಣು ಮುಚ್ಚಿ ರಾಯರನ್ನು ನೆನೆದೆ. ತಿರುವು ಬಂತು... ಹೋಯಿತು. ಬೆನ್ನ ಹಿಂದೆ ಒಂದು ಕಲ್ಲೂ ಸರಿಯಲಿಲ್ಲ, ಗಾಡಿ ನೆಲ ಕಚ್ಚಿಕೊಂಡು ಓಡುತ್ತಿತ್ತು. ನಾನು ಕೂಗಿಯೇಬಿಟ್ಟೆ. ಕಾಕು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ತೊಗರಿ ಹೊಲದಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಕಾಕಾ ಹಿಡಿಯಿಂದ ಒಂದೊಂದೇ ಕೈ ಬಿಟ್ಟರು. ಆಮೇಲೆ ಹೊರಗೆ ನೋಡುತ್ತಲೇ ಕೇಳಿದರು: "ಬರೂ ಐತವಾರನೂ ಮಾಲ್ ಅದ ಏನು?"

ಆಮೇಲೆ ಎಷ್ಟೋ ಐತವಾರ ಅವರು ಆ ಎಡಗಡೆಯ ಸೀಟಿನಲ್ಲಿ ಕುಳಿತು ಹೋದರು. ಕಾಕು ನನಗೂ ಗಾಡಿ ಕಲಿಸಿದರು, ಬೈದು ಬೈದು ಕಲಿಸಿದರು. ಅವರ ಬೈಗುಳಕ್ಕೆ ಹೆದರಿ ಗೇರ್ ತಾನಾಗಿಯೇ ಬೀಳುತ್ತಿತ್ತು.

ಹೋದ ವರ್ಷ ಕಾಕು ಹೋದರು. ಜ್ವರವೆಂದು ಮಲಗಿದವರು ಏಳಲೇ ಇಲ್ಲ... ಗಾಡಿ ಕೇಳಿಕೊಂಡು ಬಂದವರು ಬಹಳ ಮಂದಿ. ಕಾಕಾ ಎಲ್ಲರಿಗೂ ಚಹಾ ಕುಡಿಸಿ ಕಳಿಸಿದರು. ನೌಕರಿ ಮುಗಿದಿದೆ, ತಲೆ ಪೂರ್ತಿ ಬೆಳ್ಳಗಾಗಿದೆ. ಈಗ ಈ ವಯಸ್ಸಿನಲ್ಲಿ ಗಾಡಿ ಕಲಿಯುತ್ತೇನೆಂದು ಹಟ ಹಿಡಿದಿದ್ದಾರೆ. ಮೊನ್ನೆ ಐತವಾರ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಯಲಿಗೆ ಹೊರಟರು. ಕ್ಲಚ್ ಬಿಟ್ಟ ರಭಸಕ್ಕೆ ಗಾಡಿ ಜಿಗಿದು ಬಂದ್ ಆಯಿತು. ಮತ್ತೆ ಚಾಲೂ ಮಾಡಿದರು, ಗೇರ್ ಕರಕರ ಎಂದಿತು, ಮತ್ತೆ ಬಂದ್ ಆಯಿತು. ಕಾಕಾ ಸ್ಟೇರಿಂಗ್ ಹಿಡಿದೇ ಕುಳಿತರು.

"ಬೈ ತಂಗಿ. ಯಾಕ ಸುಮ್ಮನ ಕುಂತಿ? ಅಕಿ ಇದ್ದಿದ್ರ ಇಷ್ಟೊತ್ತಿಗಿ ಬೈತಿದ್ಳು," ಎಂದರು.

ಬೈಯಬೇಕೆಂದು ಬಾಯಿ ತೆರೆದೆ. ಬೈಯುವ ಬದಲು ಅವರ ಕೈಯನ್ನು ಗೇರಿನ ಮೇಲೆ ತಂದಿಟ್ಟೆ.